ಬಾಣಾವರ ಬಿಟ್ಟಿರಿ

ಹಲ್ಲುಜ್ಜುವ ಮೊದಲೇ ಪರೀಕ್ಷೆ.
ಹೇಳಿ, ಅನ್ನುತ್ತಾಳೆ ಗಂಗಾಂಬಿಕೆ, ಒಲೆಗೆ ಬೆನ್ನು ಕೊಟ್ಟು.
ಅರಸೀಕೆರೆ, ದೇವನೂರು, ಕಡೂರು, ಬೀರೂರು...
ಬಾಣಾವರ ಬಿಟ್ಟಿರಿ.
ಸಿರಪ್ಪು ಇವತ್ತು ಒಂದು ಮುಚ್ಚಳ ಜಾಸ್ತಿ.

ಲಿವರ್ ಸೋಸದೆ ಬಿಟ್ಟದ್ದು ತಲೆಗೇರಿದರೆ
ಮೊದಲು ಊರುಗಳು ಹೋಗುತ್ತವಂತೆ,
ಆಮೇಲೆ ವಾರ, ಆಮೇಲೆ ಹೆಂಡತಿಯ ಹೆಸರು.
ಅದಕ್ಕೇ ಈ ನೋಟ್‌ಬುಕ್ಕು, ದಿನಕ್ಕೊಂದು ರುಜು:
ಷಡಕ್ಷರಿ, ಷಡಕ್ಷರಿ, ಷಡಕ್ಷರಿ.
ಶಿವರಾತ್ರಿಯ ಹಿಂದುಮುಂದು
'ಷ'ದ ಹೊಟ್ಟೆ ಸೀಳುವ ಗೆರೆ
ಹಾಳೆಯಾಚೆಗೆ ಜಾರಿಹೋಗಿದೆ.

ಇಪ್ಪತ್ತಾರು ವರ್ಷ
ಜಂಕ್ಷನ್ನಿನ ರಿಸರ್ವೇಶನ್ ಕಿಂಡಿಯ ಹಿಂದೆ ಕೂತು
ನಾನು ಹೇಳಿದ್ದು ಒಂದೇ ಮಾತು:
ವೇಟಿಂಗ್ ಮೂವತ್ತೊಂದು. ಬೇಕಾ, ಬೇಡ್ವಾ, ಬೇಗ ಹೇಳಿ.
ಆಗುತ್ತಾ ಸಾರ್, ಎಂದವರಿಗೆ
ಆಗ್ಬೋದು, ಅಂದಿದ್ದೇನೆ, ಮುಖ ಎತ್ತದೆ.
ಯಾರೋ ರದ್ದು ಮಾಡುತ್ತಾರೆ, ಯಾರೋ ಹತ್ತುತ್ತಾರೆ.
ರದ್ದಾದವನಿಗೆ ದುಡ್ಡಾದರೂ ವಾಪಸ್ಸು ಬರುತ್ತಿತ್ತು.

ಈಗ ಬೆಂಗಳೂರಿನ ಪಟ್ಟಿಯಲ್ಲಿ ನನ್ನದೂ ಒಂದು ನಂಬರು.
ಮೇಲೇರಬೇಕಾದರೆ ನನ್ನ ರಕ್ತ ಕೆಡಬೇಕು,
ಇಳಿಸಿಕೊಳ್ಳಬೇಕಾದರೆ
ಹೆಸರು ಗೊತ್ತಿಲ್ಲದ ಒಬ್ಬರು ಮನೆಗೆ ಬರಬಾರದು.

ಎಲ್ಲಿಂದ ಬಂತೋ. ಹಾರನಹಳ್ಳಿ ಕಾಂಪೌಂಡರನ ಗಾಜಿನ ಸಿರಿಂಜೋ,
ಎಂಬತ್ತೆಂಟರಲ್ಲಿ ತೊಡೆ ಮುರಿದಾಗ ಏರಿಸಿದ
ಎರಡು ಬಾಟಲಿ ರಕ್ತವೋ. ಯಾರದೆಂದು ಅವತ್ತು ನಾವು ಕೇಳಲಿಲ್ಲ.
ಆ ವೈರಸ್ಸಿಗೆ ಆಗ ಹೆಸರೂ ಇಟ್ಟಿರಲಿಲ್ಲವಂತೆ.
ಹನಿ ಮುಟ್ಟದ ಈ ಬಾಯಿಗೆ
ಪೇಟೆ ಬೀದಿ ಮಾತ್ರ ಹೆಸರಿಟ್ಟಿದೆ: ಗುಟ್ಟಾಗಿ ಕುಡೀತಿದ್ದ.

ಹಾಸನದ ಡಾಕ್ಟರಮ್ಮ ಕೇಳಿದ್ದರು, ಪೆನ್ನು ಮುಚ್ಚಿಟ್ಟು:
ಈಗಲೇ ಕೊಲ್ಲೋಣವೇ ವೈರಸ್ಸನ್ನು, ಹೊಸ ಲಿವರ್ ಬಂದ ಮೇಲೋ?
ಎರಡೂ ಸರಿ. ಎರಡರಲ್ಲೂ ನಷ್ಟವಿದೆ.
ಗಂಗಾಂಬಿಕೆ ಯೋಚಿಸಲಿಲ್ಲ:
ಹೊಸ ಮನೆಗೆ ಹಳೇ ಗೆದ್ದಲು ಯಾಕೆ ಹೊತ್ಕೊಂಡು ಹೋಗ್ಬೇಕು?

ಎಂಬತ್ತನಾಲ್ಕು ದಿನ, ಎಂಬತ್ತನಾಲ್ಕು ಗುಳಿಗೆ.
ಡಬ್ಬಿಯೊಳಗಿನ ಹತ್ತಿಯನ್ನೂ ಎಸೆಯದೆ ಇಟ್ಟಿದ್ದಾಳೆ.
ಮುಗಿದು ಮೂರು ತಿಂಗಳಿಗೆ ರಿಪೋರ್ಟು:
ಪತ್ತೆಯಾಗಿಲ್ಲ.

ಡಾಕ್ಟರಮ್ಮ ನಕ್ಕರು, ಅರ್ಧಕ್ಕೆ ನಿಲ್ಲಿಸಿದರು.
ಅಂಕ ಇಪ್ಪತ್ತೆರಡಿತ್ತು, ಹದಿನೈದಕ್ಕೆ ಇಳಿದಿದೆ. ಒಳ್ಳೇದೇ.
ಪಟ್ಟಿಯಲ್ಲಿ ನೀವೂ ಇಳಿದಿದ್ದೀರಿ.
ಹೊಟ್ಟೆಗೆ ಅದು ಗೊತ್ತಿಲ್ಲ. ಹದಿನೈದು ದಿನಕ್ಕೊಮ್ಮೆ
ಸೂಜಿ ಚುಚ್ಚಿದರೆ ಈಗಲೂ ಆರು ಲೀಟರು,
ಹಳದಿ, ಬಕೆಟ್ಟಿನಲ್ಲಿ ನೊರೆ.
ಸಾಯುವಷ್ಟು ಕೆಟ್ಟಿಲ್ಲ, ಬದುಕುವಷ್ಟು ನೆಟ್ಟಗಿಲ್ಲ.
ಇದಕ್ಕೆ ನಮ್ಮಲ್ಲಿ ಆರ್‌ಎಸಿ ಅನ್ನುತ್ತೇವೆ:
ಅರ್ಧ ಬರ್ತಿನಲ್ಲಿ, ಎದುರಿಗೆ ಕೂತವನ ಮಂಡಿಗೆ ಮಂಡಿ ತಾಗಿಸಿಕೊಂಡು
ಇಡೀ ರಾತ್ರಿ.

ನೀರು ತೆಗೆಸುವ ವಾರ್ಡಿನಲ್ಲಿ ಪಕ್ಕದ ಮಂಚ ರೆಹಾನಾಳದ್ದು,
ಆಲೂರಿನ ಅಂಗನವಾಡಿ ಟೀಚರು. ಅವಳದ್ದು 'ಬಿ',
ತಾಯಿಯಿಂದ ಬಂದದ್ದು, ಗುಳಿಗೆ ಜನ್ಮಕ್ಕಂಟಿದ್ದು.
ಅಂಕಲ್, ಮಕ್ಕಳಿಗೆ ಕಾಗುಣಿತ ಮುಗಿಸಿ ಬಂದೆ, ಅಂದಿದ್ದಳು.
ಗುರುವಾರ ರಾತ್ರಿ ಅವಳಿಗೆ ಫೋನು ಬಂತು.
ಸಂತೋಷವಾಯಿತು. ನಿಜವಾಗಿ.
ಆಮೇಲೆ ಗೋಡೆ ಕಡೆ ತಿರುಗಿ ಮಲಗಿ ಲೆಕ್ಕ ಹಾಕಿದೆ:
ಇಪ್ಪತ್ತೆರಡೇ ಇದ್ದಿದ್ದರೆ.

ಇವತ್ತು ಬೆಳಿಗ್ಗೆ, ಹೇಳಿ, ಅಂದಳು.
ಅರಸೀಕೆರೆ.
ಬಾಣಾವರ ನಾಲಿಗೆ ತುದಿಯಲ್ಲೇ ಇತ್ತು,
ನೇರಳೆ ಬೀಜದಂತೆ. ನುಂಗಿದೆ.
ದೇವನೂರು, ಕಡೂರು, ಬೀರೂರು.

ಮುಚ್ಚಳಕ್ಕೆ ಸಿರಪ್ಪು ಬಗ್ಗಿಸುತ್ತಿದ್ದವಳು
ಬಾಟಲಿ ನೆಟ್ಟಗೆ ಮಾಡಿ, ನನ್ನ ಕಣ್ಣನ್ನೇ ನೋಡಿದಳು,
ಹರಿದ ನೋಟು ಕೊಟ್ಟವರನ್ನು ನಾನು ನೋಡುತ್ತಿದ್ದ ಹಾಗೆ.
ಗೊತ್ತಿದ್ದೂ ಬಿಟ್ಟಿರಿ.
ಹೇಳಿ.

ಬಾಣಾವರ, ಅಂದೆ.

ಹೂಂ, ಅಂದು
ತಟ್ಟೆ ಮುಂದಿಟ್ಟಳು:
ಉಪ್ಪಿಲ್ಲದ ಉಪ್ಪಿಟ್ಟು, ಮೇಲೆ ನಿಂಬೆಹೋಳು.
ಹೊರಗೆ ಶಿವಮೊಗ್ಗದ ಗಾಡಿ
ಯಾರಿಗೂ ಕಾಯದೆ ಹೊರಟಿತು.