ಬಿಳಿ ಗಾಜು

ಮುನಿವೆಂಕಟ ಗ್ಲಾಸ್ ವರ್ಕ್ಸ್, ಮಾಗಡಿ ರಸ್ತೆ.
ರೈಲ್ವೆ ಗೇಟು ದಾಟಿದರೆ ಎಡಕ್ಕೆ, ಒಂದು ಚಿಮಣಿ.
ನಾನಿದ್ದದ್ದು ತಪಾಸಣೆ ಕೋಣೆಯಲ್ಲಿ,
ಬೆರಳಿಗೊಂದು ಕಬ್ಬಿಣದುಂಗುರ, ದಿನಕ್ಕೆ ಎರಡು ಸಾವಿರ ಸೀಸೆ:
ಠಣ್ ಎಂದರೆ ಬಲಕ್ಕೆ, ಟಕ್ ಎಂದರೆ ಬುಟ್ಟಿಗೆ.
ಬಳೆ ಹಾಕಬಾರದು, ಸದ್ದು ಕಲೆಸುತ್ತದೆ.
ಮದುವೆಯಾದ ಮೂರನೇ ದಿನಕ್ಕೆ
ಬಳೆ ಬಿಚ್ಚಿ ಡಬ್ಬಿಯಲ್ಲಿಟ್ಟು ಕೂತವಳು ನಾನು.
ಅತ್ತೆ ಆ ವಾರ ಮಾತಾಡಲಿಲ್ಲ.

ಶೆಟ್ಟರಿಗೆ ಒಂದೇ ಚಿಂತೆ: ಗಾಜು ಬೆಳ್ಳಗಾಗಬೇಕು.
ನಮ್ಮ ಮರಳಲ್ಲಿ ಕಬ್ಬಿಣವಿತ್ತು. ಎಷ್ಟು ತೊಳೆದರೂ
ಸೀಸೆಯ ತಳದಲ್ಲಿ ಒಂದಿಷ್ಟು ಹಸಿರು,
ಕೆರೆನೀರನ್ನು ಬೊಗಸೆಯಲ್ಲೆತ್ತಿದ ಹಾಗೆ.
"ಬೊಂಬಾಯಿಯವರು ನಗ್ತಾರೆ ಕಣಯ್ಯಾ" ಅನ್ನುವರು
ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ.

ಕೆಮಿಸ್ಟ್ ನಂಜರಾಜಯ್ಯ ಒಂದು ಕಪ್ಪು ಪುಡಿ ತಂದರು,
ಹಸಿರನ್ನು ತಿನ್ನುವ ಪುಡಿ.
ಮಣ ಮರಳಿಗೆ ಒಂದು ಚಿಟಿಕೆ, ನಶ್ಯದಷ್ಟು.
ಅವತ್ತು ಖುದ್ದೂಸ್ ಸಾಬರು ಕುಲುಮೆಯ ಬಾಯಿಂದ
ಕೊಳವೆಯ ತುದಿಗೆ ಕೆಂಡದಂಥ ಜೇನು ಸುತ್ತಿ ತೆಗೆದು
ಊದಿದ್ದು, ಆರಿದ ಮೇಲೆ,
ನೀರೋ ಗಾಳಿಯೋ ತಿಳಿಯದಷ್ಟು ಬಿಳಿ.
ಶೆಟ್ಟರು ಎಲ್ಲರಿಗೂ ಜಹಾಂಗೀರು ಹಂಚಿದರು.
ಮೂವತ್ತು ವರ್ಷ ಊದಿ ಊದಿ ಸಾಬರ ಕೆನ್ನೆ ಖಾಲಿ ಚೀಲ,
ಜಗಿದದ್ದು ಅಲ್ಲೇ ಉಳಿಯುತ್ತಿತ್ತು.
ಮೊಮ್ಮಗಳಿಗೆಂದು ಕಾಗದದಲ್ಲಿ ಕಟ್ಟಿಕೊಂಡರು.

ಅದೇ ಖುಷಿಗೆ ಅಚ್ಚಿನ ಅರುಳಪ್ಪ
ಹೊಸ ಅಚ್ಚಿನೊಳಗೆ ಒಂದು 'ಮು' ಕೆತ್ತಿದ.
ಕನ್ನಡಿಯಲ್ಲಿದ್ದಂತೆ ತಿರುವಿ ಕೆತ್ತಬೇಕೆಂಬುದು ಮರೆತ.
ನಲವತ್ತು ಸಾವಿರ ಸೀಸೆ ಹೋದ ಮೇಲೆ ಕಂಡಿತು,
ಅಕ್ಷರ ಬೆನ್ನು ತಿರುಗಿಸಿ ನಿಂತಿದೆ.
"ಜ್ವರದ ಔಷಧಿ. ಕುಡಿಯೋರು ಯಾರು ಓದ್ತಾರೆ, ಬಿಡು."

ಆಮೇಲಿನದು ಎಲ್ಲ ಕಾರ್ಖಾನೆಗಳ ಕಥೆಯೇ, ಬೇಗ ಹೇಳಿಬಿಡುತ್ತೇನೆ:
ಎಣ್ಣೆಯ ಬೆಲೆ. ಪ್ಲಾಸ್ಟಿಕ್ಕು. ಎರಡು ಮುಷ್ಕರ, ಒಂದು ಲಾಕೌಟು.
ಶೆಟ್ಟರ ಮಕ್ಕಳ ನಡುವೆ ಕೋರ್ಟು.
ಮೂವತ್ತಾರು ವರ್ಷ ಆರದ ಕುಲುಮೆ ಆರಿದ ರಾತ್ರಿ
ನಾವೆಲ್ಲ ಗೇಟಿನ ಹೊರಗೆ.
ಬರಿದು ಮಾಡಲು ಒಳಗೆ ಯಾರೂ ಇಲ್ಲದೆ
ತೊಟ್ಟಿಯಲ್ಲಿದ್ದ ಅಷ್ಟೂ ಗಾಜು ಅಲ್ಲೇ ಹೆಪ್ಪುಗಟ್ಟಿತು,
ಮಲಗಿದ ಆನೆಯಷ್ಟು. ಹಾರೆಗೂ ಬಗ್ಗಲಿಲ್ಲವಂತೆ.
ಈಗ ಅದರ ಮೇಲೆ ಹದಿನಾಲ್ಕು ಅಂತಸ್ತು.
ಕೆಳಗೆ ಕಾರು ನಿಲ್ಲಿಸುವವರಿಗೆ ಗೊತ್ತಿಲ್ಲ.

ಹೋದ ಭಾನುವಾರ, ಗುಜರಿ ಸಂತೆ.
ಬೀಗ, ನಿಂತ ಗಡಿಯಾರ, ಚಾರ್ಜರುಗಳ ನಡುವೆ
ಅದೇ ಸೀಸೆ. ಬೆನ್ನು ತಿರುಗಿಸಿದ ಮು.
ಆದರೆ ಬಿಳಿಯಲ್ಲ. ತೆಳ್ಳಗೆ ನೇರಳೆ,
ಹಣ್ಣು ತಿಂದು ಬಂದ ಮಗುವಿನ ನಾಲಿಗೆ.
"ಕಲರ್ ನೋಡಜ್ಜಿ, ಫಾರಿನ್ನದು, ನಾನೂರು" ಅಂದ ಹುಡುಗ.

ಆ ಪುಡಿ ವರ್ಷಾನುಗಟ್ಟಲೆ ಬಿಸಿಲು ಕುಡಿದರೆ
ಹೀಗಾಗುತ್ತದೆಂದು ನಂಜರಾಜಯ್ಯ ಹೇಳಿದ್ದರು ಒಮ್ಮೆ.
ನಾವು ನಕ್ಕಿದ್ದೆವು:
ಅಷ್ಟು ದಿನ ಯಾರು ಇಟ್ಕೋತಾರೆ ಸಾರ್, ಖಾಲಿ ಸೀಸೆ?

ಉಂಗುರವಿಲ್ಲ. ಉಗುರಿನಿಂದ ತಟ್ಟಿದೆ.
ಏನೂ ಕೇಳಿಸಲಿಲ್ಲ, ಸಂತೆಯ ಗದ್ದಲ.
ಬಳೆಗಳನ್ನು ಮೊಣಕೈವರೆಗೂ ದೂಡಿ
ಮತ್ತೊಮ್ಮೆ ತಟ್ಟಿದೆ.

ಕೊಳ್ಳಲಿಲ್ಲ.
ಬಲಕ್ಕಿಟ್ಟು ಬಂದೆ.