ತಗಡಿನ ಬಿಲ್ಲೆ

ಆದವಾನಿ ಹತ್ತಿ ಮಾರ್ಕೆಟ್ಟಿನ ಎರಡನೇ ಗೇಟು,
ಬೇವಿನ ಗಿಡದ ಬುಡ. ಅಲ್ಲೇ ನನ್ನ ಸ್ಟೋವು.
ಚಿಲ್ಲರೆ ಸಿಗದೆ ದಿನಾ ಜಗಳವಾಗುತ್ತಿದ್ದ ವರ್ಷ
ಎಣ್ಣೆ ಡಬ್ಬದ ತಗಡು ಕತ್ತರಿಸಿ
ಮೊಳೆಯಿಂದ ಹ ಅಂತ ಚುಚ್ಚಿದೆ.
ಹಂಪಮ್ಮನ ಹ. ತೆಲುಗಿನವರೂ ಹಾಗೇ ಓದುತ್ತಾರೆ.
ಒಂದು ಬಿಲ್ಲೆಗೆ ಒಂದು ಚಹಾ.
ಶನಿವಾರ ಬಟವಾಡೆ; ನೂರು ಕೊಟ್ಟರೆ ಹನ್ನೊಂದು.

ನನ್ನ ಹತ್ತಿರ ಬರಬೇಕಾದ ಬಿಲ್ಲೆ ಬೇಗ ಬರಲಿಲ್ಲ.
ಕ್ಷೌರಕ್ಕೆ ಹೋಯಿತು, ಎಲೆಅಡಿಕೆಗೆ ಹೋಯಿತು,
ಇಸ್ಪೀಟಿನಲ್ಲಿ ಒಂದೇ ರಾತ್ರಿ ನಾಲ್ಕು ಜೇಬು ಸುತ್ತಿತು.
ದರ್ಗಾದ ಹುಂಡಿಯಲ್ಲೂ ಎರಡು ಸಿಕ್ಕವಂತೆ.
ಮುಜಾವರರು ಬಂದು, ಮಾತಾಡದೆ,
ಎರಡು ಚಹಾ ಕುಡಿದು ಹೋದರು.

ಅಕ್ಕನ ಮಗ ಮಹಾನಂದಿ ಕರ್ನೂಲಿನಲ್ಲಿ ಲಾ ಓದುತ್ತಾನೆ.
ರಜೆಗೆ ಬಂದವನು ಲೋಟ ತೊಳೆಯುತ್ತ ಹೇಳಿದ:
"ಚಿಕ್ಕಮ್ಮಾ, ಬೆವರು ನಿನ್ನದು, ದುಡ್ಡು ನಿನ್ನದು.
ಕೇಳದೆ ಕಿತ್ತುಕೊಂಡರೆ ಕಳವು.
ಕಳ್ಳ ರಸೀದಿ ಕೊಟ್ಟರೆ ಅದರ ಹೆಸರು ತೆರಿಗೆ.
ನೋಟು? ಅದೂ ಅವರದೇ ಕಾಗದ, ಅವರದೇ ಮಾತು.
ನಿನ್ನ ಬಿಲ್ಲೆ ನೋಡು, ಯಾರ ಕುತ್ತಿಗೆಯನ್ನೂ ಹಿಡಿದಿಲ್ಲ."
ನನಗೆ ಹೆಮ್ಮೆಯಾಯಿತು.
ಅವನಿಗೊಂದು ಚಹಾ ಹೆಚ್ಚು ಕೊಟ್ಟೆ.

ಆಮೇಲೆ ಖಾಸಿಂ ಹತ್ತಿ ಬೋರದ ಕೆಳಗೆ ಸಿಕ್ಕ.
ಬಲಗಾಲು.
ಅವನ ಮೂಳೆ ಕೂಡುವ ತನಕ ತಲೆಗೆ ವಾರಕ್ಕೊಂದು ಬಿಲ್ಲೆ ಅಂದರು ಹಮಾಲರು.
ಹೇಗೂ ಎತ್ತುತ್ತೇವೆ, ಗಿಡದ ಪಕ್ಕಕ್ಕೊಂದು ಚಪ್ಪರವೂ ಆಗಲಿ ಅಂದರು.
ಡಬ್ಬ ನನ್ನ ಕೈಗೇ ಬಂತು.
ಉರುಕುಂದಪ್ಪ ಒಬ್ಬ ಕೈಕಟ್ಟಿ ನಿಂತ.
"ನಾನು ಹೂಂ ಅಂದಿಲ್ಲ.
ಖಾಸಿಂಗೆ ಕೊಡೋದು ನನ್ನ ಮನಸ್ಸಿಗೆ ಬಿಟ್ಟದ್ದು."
ಸುಂಕದವಳ ಮುಂದೆ ಸುಖದುಃಖ ಹೇಳ್ತಾನೆ ನೋಡು
ಅಂತ ಯಾರೋ ನಕ್ಕರು.
ಸುಂಕದವಳು ಅಂದರೆ ನಾನು.
ಸೌಟು ಕೈಯಲ್ಲೇ ಉಳಿಯಿತು, ಹಾಲು ಉಕ್ಕಿತು.

ಅವನು ಆ ರಾತ್ರಿ ಖಾಸಿಂ ಮನೆಗೆ
ಒಂದು ಚೀಲ ಜೋಳ ಹೊತ್ತು ಹಾಕಿದ್ದು ಗೊತ್ತು ನನಗೆ.
ಏಪ್ರಿಲ್ ಬಿಸಿಲಲ್ಲಿ ಚಪ್ಪರದ ಅಂಚಿಗೆ ಬಂದು
ಅರ್ಧ ಮೈ ನೆರಳಿಗೆ ಕೊಟ್ಟು
ಅರ್ಧ ಹೊರಗಿಟ್ಟು ನಿಲ್ಲುತ್ತಿದ್ದದ್ದೂ ಗೊತ್ತು.
ಒಳಗೆ ಬಾ ಅನ್ನಲೋ, ಬಿಲ್ಲೆ ಕೊಡು ಅನ್ನಲೋ,
ಎರಡೂ ಬಾಯಿಗೆ ಬರಲಿಲ್ಲ.

ಒಂದು ಸಂಜೆ ಮಹಾನಂದಿಯನ್ನು ಕೇಳಿದೆ:
ನನ್ನ ತಗಡಿಗೆ ಬೆಲೆ ಯಾಕಪ್ಪಾ?
"ನೀನು ಚಹಾ ಕೊಡ್ತೀಯಲ್ಲ."
ಮತ್ತೆ ಸರಕಾರದ ಕಾಗದಕ್ಕೆ? ಅವರ ಚಹಾ ಯಾವುದು?
ಅವನು ಬಾಯಿ ತೆಗೆದು ಮುಚ್ಚಿದ.
ಹೋದ ವರ್ಷ ಮನೆಪಟ್ಟಿ ಕಟ್ಟಲು ಸಾಲಲ್ಲಿ ನಿಂತಾಗ
ಸೊಂಟದ ಚೀಲದ ತುಂಬ ಬಿಲ್ಲೆಯಿತ್ತು.
ಕಿಟಕಿಯವನಿಗೆ ಬೇಕಾದದ್ದು ಅವರದೇ ಕಾಗದ.
ಅದನ್ನು ಸಂಪಾದಿಸಲೆಂದೇ ಅಲ್ಲವೇ ಈ ಊರು
ಬೆಳಿಗ್ಗೆ ಐದಕ್ಕೆ ಏಳುವುದು?
ನಾನು ಕುಡಿಸಿ ವಾಪಸು ತಗೋತೀನಿ,
ಅವರು ಹೆದರಿಸಿ ತಗೋತಾರೆ.
"ಅದೇ ಮತ್ತೆ ವ್ಯತ್ಯಾಸ!" ಅಂದ.
ಅದೇ, ಅಂದೆ.

ಅವನಿಗೆ ಹೇಳದ್ದು ಒಂದಿದೆ.
ಹಾಲಿನ ದರ ಏರಿದ ತಿಂಗಳು
ಹೊರಗೆ ಮುನ್ನೂರು ಬಿಲ್ಲೆ ಓಡಾಡುತ್ತಿದ್ದವು.
ಮಗಳ ಫೀಸಿಗೆಂದು ನಾನೇ ರಾತ್ರಿ ಕೂತು ಹೆಚ್ಚು ಚುಚ್ಚಿದ್ದೆ.
ಎಲ್ಲರೂ ಒಮ್ಮೆಗೇ ಬಂದರೆ?
ಪೇಟೆಗೆ ಹೋಗಿ ಬೇರೆ ಲೋಟ ತಂದೆ.
ಅಂಚು ದಪ್ಪ, ತಳ ಇನ್ನೂ ದಪ್ಪ,
ನೋಡಲು ಅಷ್ಟೇ ಎತ್ತರ.
ಯಾರ ಕೈಯಿಂದಲೂ ಏನೂ ಕಿತ್ತುಕೊಳ್ಳಲಿಲ್ಲ.
ಯಾರೂ ಹೂಂ ಅನ್ನಬೇಕಾಗಲಿಲ್ಲ.
ರಸೀದಿಯಂತೂ ಇಲ್ಲವೇ ಇಲ್ಲ.

ಉರುಕುಂದಪ್ಪ ಮಾತ್ರ
ಲೋಟವನ್ನು ಬೆಳಕಿಗೆ ಎತ್ತಿ, ತಿರುಗಿಸಿ, ತಳ ನೋಡಿ,
ಕೆನೆಯ ಮೇಲಿನ ಹತ್ತಿ ಎಳೆ ಊದಿ,
ಕುಡಿದು,
ಒಂದು ಬಿಲ್ಲೆಯ ಪಕ್ಕ ಇನ್ನೊಂದು ಇಟ್ಟ.
ಡಬ್ಬಕ್ಕೋ, ನನಗೋ,
ಹೇಳಲಿಲ್ಲ.