ಹೆಚ್ಚುವರಿ ಹಾಳೆ

ಫಾರಮ್ಮಿನಲ್ಲಿ ಜಾಗ ಸಾಲಲಿಲ್ಲ ಸ್ವಾಮಿ,
ಅದಕ್ಕೇ ಈ ಹಾಳೆ, ಪಿನ್ನು ಹೊಡೆದಿದ್ದೇನೆ.
ಐದು ವರ್ಷದಲ್ಲಿ ದೇಶ ಬಿಟ್ಟು ಹೋದದ್ದೆಲ್ಲ ಬರೆಯಿರಿ ಎಂದಿದ್ದೀರಿ,
ಬೆಳಿಗ್ಗೆ ಹೋಗಿ ಸಂಜೆ ಬಂದದ್ದನ್ನೂ.
ಒಂದು ಬಿಟ್ಟರೆ ನನ್ನವೆಲ್ಲ ಅಂಥವೇ,
ಹೋದ ಪುಟ್ಟ ಬಂದ ಪುಟ್ಟ:
ವಿಂಡ್ಸರಿನಿಂದ ಡೆಟ್ರಾಯಿಟಿಗೆ
ಸುರಂಗದ ಬಸ್ಸು, ನದಿಯ ಅಡಿಯಿಂದ.
ಹಿಟ್ಟು ನಾದಿಟ್ಟು ಹೋದರೆ
ಬರುವ ಹೊತ್ತಿಗೆ ಉಬ್ಬಿರುತ್ತಿತ್ತು.
ಅದಕ್ಕೂ ಒಂದು ಸಾಲು ಬೇಕೆ?
ಬೇಕು, ಎಂದಳು ಲೈಬ್ರರಿಯ ಹುಡುಗಿ,
'ಎಷ್ಟು ದಿನ' ಎಂಬ ಮನೆಯಲ್ಲಿ ಸೊನ್ನೆ ಹಾಕಿ.

ತಾರೀಖು ನೆನಪಿಡುವ ಜಾತಿಯಲ್ಲ ನಾನು.
ನಮ್ಮ ತೆಲ್‌ಕೇಫಿನಲ್ಲಿ
ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ
ಸರ್ಕಾರ ಜುಲೈ ಒಂದು ಎಂದು ಬರೆದುಕೊಟ್ಟಿತ್ತು.
ಇಲ್ಲಿ ಅವತ್ತು ಪಟಾಕಿ ಹಾರಿಸುತ್ತಾರೆ.
ನನಗಲ್ಲ ಎಂದು ತಿಳಿಯಲು ಎರಡು ವರ್ಷ ಹಿಡಿಯಿತು.

ನಿನೆವೆಯ ಉಪವಾಸ ಮುಗಿದ ಮಾರನೆ ದಿನ,
ಚರ್ಚಿನ ಬಾಯ್ಲರು ಕೆಟ್ಟ ವಾರ,
ಹೀಗೆ ಬರೆದರೆ ನಿಮಗೆ ಅರ್ಥವಾಗದು.
ಮಗ ಬ್ಯಾಂಕಿನ ಲೆಕ್ಕ ತೆರೆದು ಕೂತ:
ಮಾರ್ಚ್ ಹದಿನಾಲ್ಕು, ಡೆಟ್ರಾಯಿಟ್, ಏಲಕ್ಕಿ.
'ಕಾರಣ' ಎಂಬ ಮನೆಯಲ್ಲಿ
'ಖರೀದಿ' ಎಂದು ತುಂಬಿದ.
ಸುಳ್ಳಲ್ಲ, ಏಲಕ್ಕಿ ಕೊಂಡಿದ್ದೆ.
ಆದರೆ ಏಲಕ್ಕಿಗೆ ಯಾರಾದರೂ ದೇಶ ದಾಟುತ್ತಾರೆಯೇ?

ಕಾರಣದ ಹೆಸರು ಬಹೀಜಾ. ನನ್ನ ಅಕ್ಕ.
ಅಮ್ಮಾನಿನ ಬಾಡಿಗೆ ಕೋಣೆಗೆ
ಇಬ್ಬರಿಗೂ ಒಂದೇ ವಾರ ಕಾಗದ ಬಂತು,
ಅವಳಿಗೆ ಆ ದಡ, ನನಗೆ ಈ ದಡ.
ನಕ್ಷೆ ನೋಡಿ ನಕ್ಕೆವು: ಇದೇನೇ, ಕೂಗಳತೆ!
ಒಮ್ಮೆ ನಿಜಕ್ಕೂ ಇಬ್ಬರೂ ನದಿಗೆ ಬಂದು,
ಕಿವಿಗೆ ಫೋನು ಹಿಡಿದು ಕೈಬೀಸಿದೆವು.
ಕಂಡೆ ಕಂಡೆ, ಕೆಂಪು ಶಾಲು! ಎಂದೆ.
ಶಾಲು ಹೊದ್ದಿಲ್ಲ ಕಣೇ, ಎಂದಳು.
ಕಂಬಕ್ಕೆ ಕಟ್ಟಿದ ತೇಲುಬಳೆ ಅದು.
ಅಕ್ಕ ಇನ್ನೂ ಆಚೆ ನಿಂತಿದ್ದಳು.
(ಅವತ್ತು ದೇಶ ಬಿಟ್ಟಿಲ್ಲ. ಪಟ್ಟಿಯಲ್ಲಿಲ್ಲ.)

ಆಮೇಲೆ ಅವಳ ಕಿಡ್ನಿ.
ಗುರುವಾರ ಗುರುವಾರ ಡಯಾಲಿಸಿಸ್,
ನಾಲ್ಕು ಗಂಟೆ ನಾನು ಪಕ್ಕದ ಕುರ್ಚಿಯಲ್ಲಿ,
ಅವಳ ರಕ್ತ ಹೊರಗೆ ಹೋಗಿ
ಸುತ್ತು ಹಾಕಿ ಒಳಗೆ ಬರುವುದನ್ನು ನೋಡುತ್ತ.
ಅದಕ್ಕೆ ಯಾರೂ ಫಾರಮ್ಮು ಕೇಳುತ್ತಿರಲಿಲ್ಲ.
ನಲವತ್ತೊಂದು ಗುರುವಾರ. ನಲವತ್ತೊಂದು ಸೊನ್ನೆ.
ನೋಡಿ, ಮೂರನೆ ಪುಟದ ತುಂಬ
ಮೊಟ್ಟೆ ಇಟ್ಟ ಹಾಗಿದೆ.

ಸುರಂಗದ ನಡುವೆ ಗೋಡೆಯ ಮೇಲೆ ಒಂದು ಗೆರೆ,
ಗೆರೆಗೆ ಆಚೀಚೆ ಬಾವುಟ.
ಅಲ್ಲಿ ಫೋನಿಗೆ ಜೀವವಿರುವುದಿಲ್ಲ.
ನವೆಂಬರಿನ ಗುರುವಾರ ಹತ್ತು ಇಪ್ಪತ್ತಕ್ಕೆ
ಅಕ್ಕ ಹೋದಳು, ಆಸ್ಪತ್ರೆಯವರ ಲೆಕ್ಕದಲ್ಲಿ.
ಹತ್ತು ಇಪ್ಪತ್ತಕ್ಕೆ ನಾನು ನೀರಿನ ಕೆಳಗಿದ್ದೆ.
ಗೆರೆಗೆ ಈಚೆಯೋ ಆಚೆಯೋ
ಮಗನ ಬ್ಯಾಂಕಿಗೂ ಗೊತ್ತಿಲ್ಲ.
ಬಸ್ಸು ಬೆಳಕಿಗೆ ಬಂದಾಗ
ಕೈಚೀಲದೊಳಗೆ ಫೋನು ಐದು ಸಲ ನಡುಗಿತು.
ಚಳಿಯಲ್ಲಿ ಕೈಗವಸು ಬಿಚ್ಚಲು ಸೋಮಾರಿತನ,
ತೆಗೆದು ನೋಡಲಿಲ್ಲ.
ಗಾಜಿನ ಹಿಂದಿನವನು ಕೇಳಿದ, ಎಷ್ಟು ದಿನ?
ಇವತ್ತೇ ವಾಪಸ್, ಎಂದೆ, ಅಭ್ಯಾಸಬಲ.

ಆ ಮಾತು ಸುಳ್ಳಾಯಿತು. ತಪ್ಪಾಯಿತು.
ಮೂರು ರಾತ್ರಿ ಉಳಿದೆ.
ಸೊನ್ನೆಯಲ್ಲದ ಅಂಕಿ ಇರುವುದು ಅದೊಂದೇ ಸಾಲಿನಲ್ಲಿ.
ಕಾರಣ: ಬಂಧುಗಳ ಭೇಟಿ.
ಮಗ ಅಳಿಸಲು ಹೋದ, ಇರಲಿ ಬಿಡು ಎಂದೆ.

ಸಾವಿರದ ತೊಂಬತ್ತೈದು ದಿನ ಇಲ್ಲಿದ್ದಿರಬೇಕಂತೆ.
ನನ್ನ ಹತ್ತಿರ ಅದಕ್ಕಿಂತ ಹೆಚ್ಚೇ ಇವೆ.
ಆಮೇಲೆ ನಾನು ಎಲ್ಲಿಗೂ ಹೋಗಿಲ್ಲ,
ಹಿಟ್ಟು ಉಬ್ಬುವುದನ್ನು ಕೂತೇ ಕಾಯುತ್ತೇನೆ.
ಬಸ್ಸಿನ ಕಾರ್ಡಿನಲ್ಲಿ ಆರು ಸವಾರಿ ಉಳಿದಿವೆ.
ಕೌಂಟರಿನಲ್ಲಿ ವಿಚಾರಿಸಿದೆ:
ಅವಕ್ಕೆ ಕೊನೆಯ ತಾರೀಖು ಇಲ್ಲವಂತೆ.